ಫೆಜ್ ಹಳೇ ಊರು: ಗೈಡ್ ಬೇಕಾ, ರಿಯಾದ್ ಹೇಗೆ, ಸಸ್ಯಾಹಾರಿಗೆ ಊಟ ಸಿಗುತ್ತಾ

ಮೊರಾಕೊ ಅಂದ ಕೂಡಲೇ ಎಲ್ಲರೂ ಮರಾಕೆಶ್‌ಗೆ ಟಿಕೆಟ್ ಮಾಡಿಸುತ್ತಾರೆ. ಮೊದಲ ಸಲ ಹೋಗುವವರಿಗೆ ನನ್ನ ಓಟು ಫೆಜ್‌ಗೆ. ಆದರೆ ಒಂದು ಷರತ್ತಿದೆ. ಮೊದಲ ದಿನ ಲೈಸೆನ್ಸ್ ಇರುವ ಗೈಡನ್ನೇ ಹಿಡಿಯಿರಿ, ಹೊರಡುವ ಮೊದಲೇ "ಅಂಗಡಿಗೆ ಕರ್ಕೊಂಡು ಹೋಗಬೇಡಿ" ಅಂತ ಕಡ್ಡಿ ಮುರಿದ ಹಾಗೆ ಹೇಳಿ. ಇದೊಂದು ಮಾತು ಆಡದೇ ಹೋದರೆ ಕಾರ್ಪೆಟ್ ಅಂಗಡಿ, ಗಿಡಮೂಲಿಕೆ ಅಂಗಡಿ, ಪಿಂಗಾಣಿ ಅಂಗಡಿ ಅಂತ ಅರ್ಧ ದಿನ ಹಾಗೇ ಕರಗಿಹೋಗುತ್ತದೆ, ದುಡ್ಡು ಕೊಟ್ಟು ಶಾಪಿಂಗಿಗೆ ಹೋದ ಹಾಗಾಗುತ್ತದೆ.

ಹೋಗಿದ್ದು ಅಕ್ಕ ಮತ್ತು ನಾನು, ನವೆಂಬರ್‌ನಲ್ಲಿ. ಅಕ್ಕ ಪಕ್ಕಾ ಸಸ್ಯಾಹಾರಿ, ಮೊಟ್ಟೆ ಕೂಡ ಇಲ್ಲ. ನನಗೆ ಅಂಥ ಕಟ್ಟುಪಾಡೇನೂ ಇಲ್ಲ. ಹಾಗಾಗಿ ಊಟದ ವಿಷಯ ಎರಡೂ ಕಡೆಯಿಂದ ಬರೆಯುತ್ತೇನೆ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ದುಬೈ ಅಥವಾ ದೋಹಾದಲ್ಲಿ ಬದಲಾಯಿಸಿ ಕಾಸಾಬ್ಲಾಂಕಾಗೆ ಇಳಿಯಬೇಕು, ಅಲ್ಲಿಂದ ರೈಲು. ಹೆಚ್ಚುಕಮ್ಮಿ ನಾಲ್ಕು ಗಂಟೆ. 2018ರಲ್ಲಿ ಶುರುವಾದ ಅವರ ವೇಗದ ರೈಲು ಟ್ಯಾಂಜಿಯರ್ ಕಡೆಗೆ ಓಡುತ್ತದೆ, ಫೆಜ್‌ಗೆ ಮಾಮೂಲಿ ರೈಲೇ. ಆದರೆ ಸೀಟು ಚೆನ್ನಾಗಿದೆ, ಕಿಟಕಿಯಾಚೆ ಆಲಿವ್ ತೋಟಗಳು, ದೂರು ಹೇಳುವಂಥದ್ದೇನೂ ಇಲ್ಲ. ಸ್ಟೇಷನ್ನಿನಿಂದ ಹಳೇ ಊರಿಗೆ ಕೆಂಪು ಬಣ್ಣದ ಚಿಕ್ಕ ಟ್ಯಾಕ್ಸಿ. ಮೂರು ಜನಕ್ಕಿಂತ ಜಾಸ್ತಿ ಹತ್ತಿಸುವುದಿಲ್ಲ. ಮೀಟರ್ ಹಾಕಿ ಅಂತ ಹತ್ತುವ ಮೊದಲೇ ಕೇಳಿ. ಸ್ಟೇಷನ್ ಬಾಗಿಲಲ್ಲೇ ನಿಂತಿರುವವರು ಕೇಳಿಸದವರ ಹಾಗೆ ನಟಿಸುತ್ತಾರೆ. ನಾಲ್ಕು ಹೆಜ್ಜೆ ಆಚೆ ಹೋಗಿ ರಸ್ತೆಯಲ್ಲಿ ಕೈ ಮಾಡಿದರೆ ಮೀಟರ್ ತಾನೇ ಕೆಲಸ ಮಾಡುತ್ತದೆ. ದುಡ್ಡಿನ ಲೆಕ್ಕಕ್ಕೆ ಒಂದು ದಿರ್ಹಮ್ ಅಂದರೆ ಸುಮಾರು ಹತ್ತು ರೂಪಾಯಿ ಅಂದುಕೊಳ್ಳಿ, ಸ್ವಲ್ಪ ಹೆಚ್ಚುಕಮ್ಮಿ, ಚೌಕಾಸಿಗೆ ಅಷ್ಟು ಸಾಕು. ಯೂರೋ ಒಯ್ದು ಅಲ್ಲೇ ಬದಲಾಯಿಸಿಕೊಳ್ಳಿ, ಚಿಲ್ಲರೆ ಜಾಸ್ತಿ ಇಟ್ಟುಕೊಳ್ಳಿ.

ಹಳೇ ಊರಿನ ಬಾಗಿಲ ತನಕ ಮಾತ್ರ ಟ್ಯಾಕ್ಸಿ. ಒಳಗೆ ಕಾರು ಇಲ್ಲ, ಓಣಿಗಳ ಅಗಲ ನೋಡಿದರೆ ಬರಲು ಸಾಧ್ಯವೂ ಇಲ್ಲ. ಸಾಮಾನು ಹೊರುವುದೆಲ್ಲಾ ಹೇಸರಗತ್ತೆ, ಕತ್ತೆ ಮತ್ತು ತಳ್ಳುಗಾಡಿ. ಗ್ಯಾಸ್ ಸಿಲಿಂಡರು, ಸಿಮೆಂಟು, ಹಸಿ ಚರ್ಮ, ಕೋಕಾಕೋಲಾ ಕ್ರೇಟು, ಎಲ್ಲಾ ಹೇಸರಗತ್ತೆಯ ಬೆನ್ನ ಮೇಲೆ. ಹಿಂದಿನಿಂದ "ಬಾಲಾಕ್! ಬಾಲಾಕ್!" ಅಂತ ಕೂಗು ಬಂದರೆ ಫೋಟೋ ಗೀಟೋ ಬಿಟ್ಟು ಗೋಡೆಗೆ ಅಂಟಿಕೊಳ್ಳಿ. ಪ್ರಾಣಿ ನಿಲ್ಲುವುದಿಲ್ಲ, ನಡೆಸುವವನೂ ನಿಲ್ಲಿಸುವುದಿಲ್ಲ.

ಈ ಊರಿಗೆ 789ರಲ್ಲಿ ಅಡಿಪಾಯ ಹಾಕಿದ್ದು ಇದ್ರಿಸ್ ಎಂಬ ದೊರೆ, ಅವನ ಮಗ ಎರಡನೇ ಇದ್ರಿಸ್ ಇದನ್ನು ರಾಜಧಾನಿ ಮಾಡಿಕೊಂಡ. ಆಮೇಲೆ ಸ್ಪೇನಿನ ಕೊರ್ಡೋಬಾದಿಂದ ಓಡಿಬಂದವರು ನದಿಯ ಒಂದು ದಡದಲ್ಲೂ, ಟ್ಯುನೀಷಿಯಾದ ಕೈರುವಾನ್ ಕಡೆಯವರು ಇನ್ನೊಂದು ದಡದಲ್ಲೂ ನೆಲೆಸಿದರು. ಯುನೆಸ್ಕೋ ಪಟ್ಟಿಗೆ ಸೇರಿದ್ದು 1981ರಲ್ಲಿ. ಒಂಬತ್ತು ಸಾವಿರ ಓಣಿಗಳಿವೆ ಅನ್ನುವುದು ಅಲ್ಲಿನ ಎಲ್ಲಾ ಗೈಡುಗಳ ಮೊದಲ ಡೈಲಾಗು. ಎಣಿಸಿದ ಪುಣ್ಯಾತ್ಮ ಯಾರೋ!

ಈಗ ಗೈಡ್ ವಿಷಯ. ಸರ್ಕಾರದ ಲೈಸೆನ್ಸ್ ಇರುವವರು ಕೊರಳಲ್ಲಿ ಬ್ಯಾಡ್ಜ್ ಹಾಕಿಕೊಂಡಿರುತ್ತಾರೆ. ನಾವು ಉಳಿದುಕೊಂಡ, ಹಳೇ ಮನೆಯನ್ನೇ ಹೋಟೆಲ್ ಮಾಡಿಕೊಂಡ ರಿಯಾದ್‌ನವರ ಮೂಲಕ ಹಿಡಿದೆವು. ಅರ್ಧ ದಿನಕ್ಕೆ 350 ದಿರ್ಹಮ್, ನಾವಿಬ್ಬರೇ, ಗುಂಪಿಲ್ಲ. ಬಂದವರು ಅರುವತ್ತರ ಆಸುಪಾಸಿನ ಹಿರಿಯರು. ಈ ಓಣಿಗಳಲ್ಲೇ ಹುಟ್ಟಿ ಬೆಳೆದವರು, ಇಂಗ್ಲಿಷ್ ಸರಾಗ. ಅಂಗಡಿ ಬೇಡ ಅಂದಾಗ ಮುಖ ಸ್ವಲ್ಪ ಸಣ್ಣದಾಯಿತು. ಆಮೇಲೆ ನಕ್ಕು, "ಸರಿ ಮೇಡಂ. ಆದರೆ ಚರ್ಮ ಹದ ಮಾಡುವ ಜಾಗ ನೋಡಬೇಕು ಅಂದರೆ ಅಂಗಡಿ ಹತ್ತಲೇಬೇಕು, ಬೇರೆ ದಾರಿ ಇಲ್ಲ" ಅಂದರು. ಅದು ನಿಜವೇ, ಅದಕ್ಕೆ ಆಮೇಲೆ ಬರುತ್ತೇನೆ.

ಅವರು ಶುರುವಿಗೇ ಒಂದು ಸೂತ್ರ ಹೇಳಿಕೊಟ್ಟರು. ಆ ಮಾತೊಂದಕ್ಕೇ ಕೊಟ್ಟ ದುಡ್ಡು ವಸೂಲಾಯಿತು. ಹಳೇ ಊರು ತಗ್ಗಿನಲ್ಲಿದೆ, ನದಿ ಅದರ ತಳದಲ್ಲಿದೆ. ಬಾಬ್ ಬೂ ಜಲೂದ್ ಬಾಗಿಲು ಮೇಲಿದೆ. ಅಲ್ಲಿಂದ ತಲಾ ಕಬೀರಾ, ತಲಾ ಸ್ಘೀರಾ ಅಂತ ಎರಡು ಮುಖ್ಯ ಓಣಿಗಳು ಕೆಳಕ್ಕೆ ಇಳಿಯುತ್ತವೆ. ದಾರಿ ತಪ್ಪಿತಾ? ಇಳಿಯುತ್ತಾ ಹೋದರೆ ದೊಡ್ಡ ಮಸೀದಿ ಸುತ್ತಮುತ್ತ ಸೇರುತ್ತೀರಿ, ಹತ್ತುತ್ತಾ ಹೋದರೆ ಬಾಗಿಲ ಕಡೆಗೆ ಬರುತ್ತೀರಿ. ಫೋನಿನ ಮ್ಯಾಪು ಎತ್ತರದ ಗೋಡೆಗಳ ನಡುವೆ ತಲೆ ಕೆಟ್ಟ ಹಾಗೆ ಆಡುತ್ತದೆ, ನಂಬಬೇಡಿ. ಮರುದಿನ ನಾವಿಬ್ಬರೇ ಸುತ್ತಿದಾಗ ಇದೇ ಸೂತ್ರ ಕಾಪಾಡಿತು.

ಬಾಬ್ ಬೂ ಜಲೂದ್ ಬಾಗಿಲಿನ ಹೊರಮುಖ ನೀಲಿ, ಒಳಮುಖ ಹಸಿರು. ಎಲ್ಲಾ ಪೋಸ್ಟ್‌ಕಾರ್ಡಿನಲ್ಲೂ ಇರುತ್ತದೆ. ಅದನ್ನು ಸಾವಿರ ವರ್ಷ ಹಳೆಯದು ಅಂದುಕೊಂಡು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಡಿ, ಫ್ರೆಂಚರ ಕಾಲದಲ್ಲಿ, 1913ರಲ್ಲಿ ಕಟ್ಟಿದ್ದು. ಬೆಳಿಗ್ಗೆ ಬೇಗ ಹೋದರೆ ಚೆಂದ, ಹತ್ತು ಗಂಟೆಯ ಮೇಲೆ ಸೆಲ್ಫಿ ಜಾತ್ರೆ.

ನನಗೆ ತುಂಬಾ ಹಿಡಿಸಿದ್ದು ಯಾವ ಟಿಕೆಟ್ಟೂ ಇಲ್ಲದ ಒಂದು ಜಾಗ. ಪಕ್ಕದ ಓಣಿಯಲ್ಲಿ, ನೆಲಮಟ್ಟಕ್ಕಿಂತ ಎರಡು ಮೆಟ್ಟಿಲು ಕೆಳಗೆ, ಹೊಗೆ ಹಿಡಿದು ಕಪ್ಪಾದ ಕೋಣೆಯಲ್ಲಿ ಕೇರಿಯವರಿಗೆಲ್ಲಾ ಸೇರಿದ ಒಂದು ಒಲೆ. ಮನೆಯಲ್ಲಿ ಹಿಟ್ಟು ನಾದಿ, ದುಂಡಗೆ ತಟ್ಟಿ, ಹಲಗೆಯ ಮೇಲೆ ಇಟ್ಟು ಬಟ್ಟೆ ಮುಚ್ಚಿ ಇಲ್ಲಿಗೆ ತರುತ್ತಾರೆ. ನಾವು ನಿಂತಿದ್ದಾಗಲೇ ಶಾಲೆ ಬ್ಯಾಗ್ ಹಾಕಿಕೊಂಡ ಒಬ್ಬ ಹುಡುಗ ತಲೆಯ ಮೇಲೆ ಹಲಗೆ ಇಟ್ಟುಕೊಂಡು ಬಂದ, ಕೈ ಬಿಟ್ಟೇ ನಡೆಯುತ್ತಿದ್ದ. ಒಲೆಯವನು ಉದ್ದ ಕೋಲಿನ ತುದಿಯ ಚಪ್ಪಟೆ ಹಲಗೆಯಿಂದ ಒಂದೊಂದೇ ರೊಟ್ಟಿ ಒಳಗೆ ತಳ್ಳಿದ. ಇಷ್ಟು ಮನೆಗಳ ರೊಟ್ಟಿಯಲ್ಲಿ ಯಾರದ್ದು ಯಾವುದು ಹೇಗೆ ಗೊತ್ತಾಗುತ್ತದೆ ಅಂತ ಅಕ್ಕ ಕೇಳಿದಳು. ಗೈಡ್ ಕೇಳಿ ಹೇಳಿದರು: "ನೋಡಿದರೆ ಗೊತ್ತಾಗುತ್ತದಂತೆ. ಒಬ್ಬೊಬ್ಬ ಹೆಂಗಸು ತಟ್ಟುವ ರೀತಿ ಒಂದೊಂದು ಥರ." ಒಬ್ಬರೇ ಹೋಗಿದ್ದರೆ ಆ ಬಾಗಿಲ ಮುಂದೆ ಹಾಗೇ ದಾಟಿಹೋಗುತ್ತಿದ್ದೆವು.

ತಲಾ ಕಬೀರಾ ಶುರುವಾಗುವಲ್ಲೇ ಬೂ ಇನಾನಿಯಾ ಮದರಸಾ. ಮುಸ್ಲಿಮರಲ್ಲದವರನ್ನು ಒಳಗೆ ಬಿಡುವ ಕೆಲವೇ ಧಾರ್ಮಿಕ ಕಟ್ಟಡಗಳಲ್ಲಿ ಇದೊಂದು. ನಾವು ಹೋದಾಗ ಟಿಕೆಟ್ 20 ದಿರ್ಹಮ್ ಇತ್ತು. 1350ರ ದಶಕದಲ್ಲಿ ಸುಲ್ತಾನ ಅಬೂ ಇನಾನ್ ಕಟ್ಟಿಸಿದ್ದು. ನೆಲದಿಂದ ಎದೆಯ ಮಟ್ಟಕ್ಕೆ ಬಣ್ಣದ ಹೆಂಚಿನ ಚೂರುಗಳ ಚಿತ್ತಾರ, ಅದರ ಮೇಲೆ ಗಾರೆಯ ಕೆತ್ತನೆ, ಅದರ ಮೇಲೆ ದೇವದಾರು ಮರ. ಕತ್ತೆತ್ತಿ ನೋಡುತ್ತಾ ಹೋದಷ್ಟೂ ಕೆಲಸ ಇನ್ನೂ ಸೂಕ್ಷ್ಮ. ಎದುರುಗಡೆ ಗೋಡೆಯಲ್ಲಿ ಆ ಕಾಲದ ನೀರಿನ ಗಡಿಯಾರವೊಂದಿದೆ, ಸಾಲಾಗಿ 12 ಕಿಟಕಿ. ಅದರ ಯಂತ್ರ ಕಳೆದುಹೋಗಿದೆ, ಹೇಗೆ ಓಡುತ್ತಿತ್ತು ಅನ್ನುವುದು ಈಗ ಬರೀ ಊಹೆ.

ಇಲ್ಲೊಂದು ನಮ್ಮ ಕಡೆಯ ನಂಟಿದೆ, ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ. ಇದೇ ಅಬೂ ಇನಾನ್‌ನ ಆಜ್ಞೆಯ ಮೇರೆಗೆ ಇಬ್ನ್ ಬತೂತಾ ತನ್ನ ಪ್ರವಾಸದ ಕಥೆಯನ್ನು ಇದೇ ಫೆಜ್‌ನಲ್ಲಿ ಹೇಳಿ ಬರೆಸಿದ್ದು, ಅದು ಮುಗಿದದ್ದು 1355ರಲ್ಲಿ. ಅದರಲ್ಲಿ ನಮ್ಮ ಹೊನ್ನಾವರ ಇದೆ, ಮಂಗಳೂರು ಇದೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ ಅನ್ನುತ್ತಾನೆ. ಅಲ್ಲಿನ ಹೆಂಗಸರು ಹೊಲಿದ ಬಟ್ಟೆ ಹಾಕುವುದಿಲ್ಲ, ಒಂದೇ ಉದ್ದದ ಬಟ್ಟೆಯ ಒಂದು ತುದಿ ಸೊಂಟಕ್ಕೆ ಸುತ್ತಿ ಉಳಿದದ್ದನ್ನು ತಲೆ, ಎದೆಯ ಮೇಲೆ ಹೊದೆಯುತ್ತಾರೆ, ಮೂಗಿಗೆ ಚಿನ್ನದ ನತ್ತು ಅಂತಲೂ ಬರೆಸಿದ್ದಾನೆ. ಅಕ್ಕನ ಗಂಡನ ಮನೆ ಕುಮಟಾ. ಹೊನ್ನಾವರ ಅಲ್ಲಿಂದ ಎಷ್ಟು ದೂರ! ಅವಳು ಗೈಡ್‌ಗೆ ಇದನ್ನು ಹೇಳಿದ್ದೇ ತಡ, ಹಿರಿಯರ ವರಸೆಯೇ ಬದಲಾಯಿತು. ಅಲ್ಲಿಯ ತನಕ ಬಾಯಿಪಾಠ ಒಪ್ಪಿಸುತ್ತಿದ್ದವರು ಆಮೇಲೆ ನಿಜವಾಗಿ ಮಾತಾಡತೊಡಗಿದರು. ಅರ್ಧ ದಿನ ಅಂದಿದ್ದವರು ಮಧ್ಯಾಹ್ನ ಮೂರು ಗಂಟೆ ಆದರೂ ಗಡಿಯಾರ ನೋಡಲಿಲ್ಲ.

ಅಲ್ ಕರವಿಯ್ಯೀನ್ ಮಸೀದಿ, ವಿಶ್ವವಿದ್ಯಾಲಯದ ಬಗ್ಗೆ ಎಲ್ಲರೂ ಕೇಳಿರುತ್ತೀರಿ. ಕೈರುವಾನ್‌ನಿಂದ ಬಂದ ವ್ಯಾಪಾರಿಯ ಮಗಳು ಫಾತಿಮಾ ಅಲ್ ಫಿಹ್ರಿ ತನ್ನ ಪಾಲಿನ ಆಸ್ತಿಯಿಂದ 859ರಲ್ಲಿ ಕಟ್ಟಿಸಿದಳು ಅನ್ನುವುದು ಪರಂಪರೆಯ ಮಾತು. ಆದರೆ ಮೊದಲೇ ತಿಳಿದುಕೊಂಡು ಹೋಗಿ: ಮುಸ್ಲಿಮರಲ್ಲದಿದ್ದರೆ ಒಳಗೆ ಪ್ರವೇಶ ಇಲ್ಲ. ಬಾಗಿಲು ತೆರೆದಿದ್ದಾಗ ಹೊರಗೆ ನಿಂತು ಅಂಗಳ, ಕಾರಂಜಿ ನೋಡಬಹುದು, ಅಷ್ಟೇ. ಇಷ್ಟು ದೂರ ಬಂದು ಇಷ್ಟೇನಾ ಅಂತ ಅನ್ನಿಸುವವರು ಪಕ್ಕದ ಅತ್ತಾರೀನ್ ಮದರಸಾಕ್ಕೆ ಹೋಗಿ. 1320ರ ದಶಕದ್ದು, ಚಿಕ್ಕದು. ಕೆತ್ತನೆ ಬೂ ಇನಾನಿಯಾಗಿಂತ ಹತ್ತಿರದಿಂದ ಕಾಣುತ್ತದೆ. ನನ್ನನ್ನು ಕೇಳಿದರೆ ಒಂದೇ ನೋಡಲು ಸಮಯ ಇದ್ದರೆ ಅತ್ತಾರೀನ್.

ಅಲ್ಲಿಂದ ಸೆಫ್ಫಾರೀನ್ ಚೌಕಕ್ಕೆ ಕಿವಿಯನ್ನೇ ನಂಬಿಕೊಂಡು ಹೋಗಬಹುದು, ತಾಮ್ರ ಬಡಿಯುವ ಸದ್ದು ಎರಡು ಓಣಿ ಮುಂಚೆಯೇ ಕೇಳಿಸುತ್ತದೆ. ಇಬ್ಬರು ಮನುಷ್ಯರೇ ಕೂರಬಹುದಾದಷ್ಟು ದೊಡ್ಡ ಕೊಪ್ಪರಿಗೆಯ ಅಂಚನ್ನು ಒಬ್ಬ ಬಡಿಯುತ್ತಿದ್ದ. ಬಡಿತ ನಿಲ್ಲಿಸದೆ ಎಡಗೈಯಲ್ಲಿ ಕೊಪ್ಪರಿಗೆಯನ್ನು ಬೆರಳಗಲ ಬೆರಳಗಲ ತಿರುಗಿಸುತ್ತಿದ್ದ. ಚೌಕದ ಮೂಲೆಯಲ್ಲಿ ಟೀ ಅಂಗಡಿ ಇದೆ, ಅರ್ಧ ಗಂಟೆ ಕೂತಿದ್ದೆವು. ಯಾರೂ ಏನೂ ಮಾರಲು ಬರಲಿಲ್ಲ, ಫೆಜ್‌ನಲ್ಲಿ ಅದು ದೊಡ್ಡ ವಿಷಯ.

ಈಗ ಶುವಾರಾ, ಅಂದರೆ ಆ ಪ್ರಸಿದ್ಧ ಚರ್ಮ ಹದ ಮಾಡುವ ಜಾಗ. ಮೇಲಿನಿಂದ ನೋಡಬೇಕು, ಆ ಮೇಲಿನ ಮಾಳಿಗೆಗಳೆಲ್ಲಾ ಚರ್ಮದ ಅಂಗಡಿಗಳಿಗೇ ಸೇರಿದ್ದು. ಬಾಗಿಲಲ್ಲೇ ಒಂದು ಪುದೀನಾ ಕಡ್ಡಿ ಕೈಗೆ ಕೊಡುತ್ತಾರೆ, ಮೂಗಿಗೆ ಹಿಡಿದುಕೊಳ್ಳಲು. ಬೇಡ ಅನ್ನಬೇಡಿ. ಕೆಳಗೆ ಬಿಳಿ ತೊಟ್ಟಿಗಳಲ್ಲಿ ಸುಣ್ಣ ಮತ್ತು ಪಾರಿವಾಳದ ಹಿಕ್ಕೆ. ಸುಣ್ಣ ಕೂದಲು ಬಿಡಿಸುತ್ತದೆ, ಹಿಕ್ಕೆ ಚರ್ಮ ಮೆತ್ತಗಾಗಿಸುತ್ತದೆ. ಆ ಕಡೆ ಬಣ್ಣದ ತೊಟ್ಟಿಗಳು. ತೊಡೆಯ ತನಕ ನೀರಲ್ಲಿ ನಿಂತು ಬರಿಗಾಲಲ್ಲಿ ತುಳಿಯುತ್ತಾರೆ. ಒಬ್ಬ ಹುಡುಗ ತೊಟ್ಟಿಯ ಅಂಚಿನ ಮೇಲೆ ಒದ್ದೆ ಚರ್ಮಗಳ ಹೊರೆ ಹೆಗಲಿಗೆ ಹಾಕಿಕೊಂಡು ನಡೆಯುವುದನ್ನು ನೋಡಿದ ಮೇಲೆ ಮೇಲೆ ನಿಂತು ಫೋಟೋ ತೆಗೆಯುವ ಹುರುಪು ನನಗೆ ಅರ್ಧ ಇಳಿದುಹೋಯಿತು. ನೋಡಬೇಕಾದ ಜಾಗವೇ, ಇಲ್ಲ ಅನ್ನುವುದಿಲ್ಲ.

ಅಂಗಡಿಯ ಅನುಭವಕ್ಕೆ ಮಾತ್ರ ಐದಕ್ಕೆ ಒಂದೂವರೆ. ಹೆಸರು ಬೇಡ, ಅಲ್ಲಿ ಎಲ್ಲರ ಪದ್ಧತಿಯೂ ಹೆಚ್ಚುಕಮ್ಮಿ ಇದೇ ಅಂತೆ. ಹತ್ತುವಾಗ ಒಂದು ಮೆಟ್ಟಿಲು, ಇಳಿಯುವಾಗ ಬೇರೆ ಮೆಟ್ಟಿಲು, ಅದು ಜಾಕೆಟ್ ಕೋಣೆ, ಬ್ಯಾಗ್ ಕೋಣೆ, ಚಪ್ಪಲಿ ಕೋಣೆ ಎಲ್ಲಾ ಹಾದು ಬರುತ್ತದೆ. ಬಣ್ಣವೆಲ್ಲಾ ನೈಸರ್ಗಿಕ, ಹಳದಿ ಶುದ್ಧ ಕೇಸರಿಯದ್ದು ಅಂತ ಮಾರುವವನು ಹೇಳಿದ. ಅಕ್ಕ ಕನ್ನಡದಲ್ಲೇ, "ಒಂದು ಗ್ರಾಂ ಕೇಸರಿಗೆ ಎಷ್ಟು ಕೊಡ್ತೀನಿ ಅಂತ ನನಗೆ ಗೊತ್ತು, ಇವನು ಕುರಿ ಚರ್ಮಕ್ಕೆ ಹಚ್ತಾನಂತೆ" ಅಂದಳು. ರಾಸಾಯನಿಕ ಬಣ್ಣವೂ ಈಗ ಬಳಕೆಯಲ್ಲಿದೆ, ಸುಮ್ನೆ ಕಥೆ ನಂಬಿ ಜಾಸ್ತಿ ಬೆಲೆ ಕೊಡಬೇಡಿ. ಕೂರುವ ಚರ್ಮದ ದಿಂಬಿಗೆ 900 ದಿರ್ಹಮ್‌ನಿಂದ ಶುರು ಮಾಡಿ, ನಾವು ಬಾಗಿಲು ದಾಟುವ ಹೊತ್ತಿಗೆ 350ಕ್ಕೆ ಇಳಿದ. ತಗೊಳ್ಳಲಿಲ್ಲ. ಕೊನೆಗೆ ಪುದೀನಾ ಕೊಟ್ಟವನು ಅದಕ್ಕೂ ಕೈ ಚಾಚಿದ. ಮಾಳಿಗೆ ಹತ್ತಿದ್ದಕ್ಕೆ 10 ದಿರ್ಹಮ್ ಕೊಟ್ಟು ಬಂದರೆ ಧಾರಾಳವಾಯಿತು. ಅಲ್ಲಿನ ಹಳದಿ ಚರ್ಮದ ಚಪ್ಪಲಿ ಬೇಕೇ ಬೇಕು ಅಂದರೆ ಮಾಳಿಗೆ ಅಂಗಡಿ ಬಿಟ್ಟು ಓಣಿಯ ಚಿಕ್ಕ ಅಂಗಡಿಯಲ್ಲಿ ಕೊಳ್ಳಿ. ನಾನು ಅಲ್ಲೇ ಕೊಂಡೆ, ಇನ್ನೂ ಹಾಕುತ್ತಿದ್ದೇನೆ, ಅಂಟು ಬಿಟ್ಟಿಲ್ಲ.

ಗೈಡ್ ಇಲ್ಲದ ದಿನ ಏನಾಗುತ್ತದೆ ಅಂದರೆ, ಎರಡು ನಿಮಿಷಕ್ಕೊಬ್ಬ ಹುಡುಗ ಬಂದು "ಆ ಕಡೆ ದಾರಿ ಬಂದ್" ಅನ್ನುತ್ತಾನೆ. ಬಂದ್ ಇರುವುದಿಲ್ಲ. ಅವನ ಹಿಂದೆ ಹೋದರೆ ದಾರಿ ತೋರಿಸಿದ್ದಕ್ಕೆ ದುಡ್ಡು ಕೇಳುತ್ತಾನೆ, ಕೊಟ್ಟದ್ದು ಸಾಲದು ಅಂತ ಜಗಳಕ್ಕೂ ನಿಲ್ಲುತ್ತಾನೆ. ನಗುತ್ತಾ "ಲಾ, ಶುಕ್ರನ್" (ಬೇಡ, ಥ್ಯಾಂಕ್ಸ್) ಅಂದು ನಡೆಯುತ್ತಿರಿ, ನಿಲ್ಲಬೇಡಿ. ಇನ್ನೊಂದು ಕಡೆ, ಭಾರತದವರು ಅಂತ ಗೊತ್ತಾದ ಕೂಡಲೇ ಅಂಗಡಿಯವರೆಲ್ಲಾ ಶಾರುಖ್ ಖಾನ್, ಅಮಿತಾಭ್ ಬಚ್ಚನ್ ಅಂತ ಕೂಗುತ್ತಾರೆ. ಒಬ್ಬ ಮುದುಕರು ಹಳೇ ಹಿಂದಿ ಹಾಡಿನ ಎರಡು ಸಾಲು ಹಾಡಿಯೇ ಬಿಟ್ಟರು. ಅದರಲ್ಲಿ ವ್ಯಾಪಾರ ಎಷ್ಟು, ಪ್ರೀತಿ ಎಷ್ಟು ಅಂತ ಲೆಕ್ಕ ಹಾಕಲು ಹೋಗಬೇಡಿ, ಎರಡೂ ಇದೆ.

ಊಟಕ್ಕೆ ಬರೋಣ. ಬೆಳಿಗ್ಗೆ ಬಿಸ್ಸಾರಾ ತಿನ್ನಿ. ಒಣ ಅವರೆಯ ಜಾತಿಯ ಕಾಳು ನುಣ್ಣಗೆ ಬೇಯಿಸಿದ್ದು, ನಮ್ಮ ತೊವ್ವೆಯಷ್ಟೇ ಗಟ್ಟಿ, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ, ಜೊತೆಗೆ ಬಿಸಿ ರೊಟ್ಟಿ. ಹತ್ತು ದಿರ್ಹಮ್‌ಗೆ ಹೊಟ್ಟೆ ತುಂಬುತ್ತದೆ. ಅಕ್ಕ ಎರಡನೇ ದಿನದಿಂದ ಬೇರೇನೂ ಕೇಳಲಿಲ್ಲ. ಸುಟ್ಟ ಬದನೆಕಾಯಿ, ಟೊಮೆಟೊ ಹಾಕಿದ ಜಾಲೂಕ್ ಕೂಡ ಚೆನ್ನಾಗಿರುತ್ತದೆ, ಬಿಳಿ ಬೀನ್ಸ್ ಸಾರೂ ಸಿಗುತ್ತದೆ. ಎಚ್ಚರ ಬೇಕಾದದ್ದು "ವೆಜಿಟೇಬಲ್ ತಜೀನ್" (ಮುಚ್ಚಳದ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ್ದು), "ವೆಜಿಟೇಬಲ್ ಕೂಸ್‌ಕೂಸ್" (ಹಬೆಯಲ್ಲಿ ಬೇಯಿಸಿದ ಗೋಧಿ ರವೆಯ ಸಣ್ಣ ಕಾಳು) ಅಂತ ಬರೆದಿರುವಲ್ಲಿ. ತರಕಾರಿ ನಿಜ, ಬೇಯಿಸಿದ ರಸ ಮಾಂಸದ್ದಿರಬಹುದು. ಹರೀರಾ ಸೂಪಿನಲ್ಲೂ ಹಾಗೇ. ಮಾಂಸ ಬೇಡ ಅಂತ ಮಾತ್ರ ಹೇಳಿದರೆ ಮೇಲಿನ ತುಂಡು ತೆಗೆದು ತಂದುಕೊಡುತ್ತಾರೆ, ರಸವನ್ನೂ ಕೇಳಿ. ಕಟ್ಟುನಿಟ್ಟಿನವರು ರಿಯಾದ್‌ನಲ್ಲೇ ಬೆಳಿಗ್ಗೆ ಹೇಳಿಟ್ಟರೆ ಬೇರೆ ಪಾತ್ರೆಯಲ್ಲಿ ಮಾಡಿಕೊಡುತ್ತಾರೆ, ನಮಗೆ ಮಾಡಿಕೊಟ್ಟರು.

ನಾನು ತಿಂದದ್ದರಲ್ಲಿ ಬಸ್ತೀಲಾ ಮರೆಯುವಂಥದ್ದಲ್ಲ. ಹಿಂದೆ ಪಾರಿವಾಳದ್ದು, ಈಗ ಹೆಚ್ಚಾಗಿ ಕೋಳಿಯದ್ದು. ಕಾಗದದಷ್ಟು ತೆಳು ಹಾಳೆಗಳ ಒಳಗೆ ಮಾಂಸ, ಬಾದಾಮಿ, ಮೇಲೆ ಸಕ್ಕರೆ ಪುಡಿ ಮತ್ತು ದಾಲ್ಚಿನ್ನಿ. ಮಾಂಸಕ್ಕೆ ಸಕ್ಕರೆನಾ ಅಂತ ಮೊದಲ ತುತ್ತಿಗೆ ಗಾಬರಿ, ಮೂರನೇ ತುತ್ತಿಗೆ ತಟ್ಟೆ ಖಾಲಿ. ಹಳೇ ಅರಮನೆಯಂಥ ಮನೆಗಳಲ್ಲಿ ಸಂಗೀತ, ನಾಟ್ಯ ಸಮೇತ ಸೆಟ್ ಊಟ ಅಂತ ಕರೆಯುತ್ತಾರೆ, ಹೋಗಬೇಡಿ. ಒಂದು ಕಡೆ ಹೋಗಿದ್ದೆವು, ತಣ್ಣಗಾದ ಕೂಸ್‌ಕೂಸ್‌ಗೆ ತಲೆಗೆ 250 ದಿರ್ಹಮ್. ಕೂಸ್‌ಕೂಸ್ ತಿನ್ನಬೇಕಾದ್ದು ಶುಕ್ರವಾರ, ಅವತ್ತು ಮನೆಮನೆಯಲ್ಲೂ ಅದೇ. ಆದರೆ ಶುಕ್ರವಾರ ಮಧ್ಯಾಹ್ನ ಅರ್ಧಕ್ಕರ್ಧ ಅಂಗಡಿ ಮುಚ್ಚಿರುತ್ತವೆ, ನೋಡಿಕೊಂಡು ಪ್ಲಾನ್ ಮಾಡಿ. ಪುದೀನಾ ಟೀಗೆ ಸಕ್ಕರೆ ಕಮ್ಮಿ ಅಂತ ಹೇಳಲೇಬೇಕು, ಇಲ್ಲದಿದ್ದರೆ ಪಾನಕ. ಕಾಫಿ ಇಲ್ಲದೆ ತಲೆನೋವು ಬರುವ ನಮ್ಮಂಥವರಿಗೆ "ನುಸ್ ನುಸ್" ಅಂತ ಅರ್ಧ ಹಾಲು ಅರ್ಧ ಕಾಫಿ ಸಿಗುತ್ತದೆ, ಸ್ಟ್ರಾಂಗಾಗಿರುತ್ತದೆ, ಪರವಾಗಿಲ್ಲ.

ರಿಯಾದ್ ಅಂದರೆ ಹೊರಗೆ ಬೋಳು ಗೋಡೆ, ಒಳಗೆ ಅಂಗಳ, ಕಾರಂಜಿ, ಸುತ್ತ ಕೋಣೆಗಳು. ಫೋಟೋದಲ್ಲಿ ಕಾಣುವಷ್ಟೇ ಚೆಂದ ನಿಜದಲ್ಲೂ ಇತ್ತು. ಬೆಳಗಿನ ತಿಂಡಿ ತಾರಸಿಯಲ್ಲಿ: ಪದರ ಪದರ ಬಿಡಿಸಿಕೊಳ್ಳುವ ಮ್ಸಮೆನ್, ತೂತು ತೂತಿನ ಬಘ್ರೀರ್, ಜೇನು, ಆಲಿವ್, ಕಿತ್ತಳೆ ರಸ. ನಡೆಸುವವರು ಒಳ್ಳೆಯವರು, ರಾತ್ರಿ ತಡವಾದರೆ ನಮ್ಮನ್ನು ಕರೆತರಲು ಹುಡುಗನನ್ನು ಹಳೇ ಊರಿನ ಬಾಗಿಲ ತನಕ ಕಳಿಸುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ ಓಣಿಗಳು ಬಿಕೋ ಅನ್ನುತ್ತವೆ, ಈ ಸೇವೆ ಇರುವ ಕಡೆಯೇ ಬುಕ್ ಮಾಡಿ. ತೊಂದರೆ ಅಂದರೆ ಚಳಿ. ಈ ಮನೆಗಳನ್ನು ಕಟ್ಟಿರುವುದು ಬೇಸಿಗೆಯ ಧಗೆ ತಡೆಯಲು, ನವೆಂಬರ್ ರಾತ್ರಿಗೆ ಒಳಗೆ ನಡುಕ. ಹೀಟರ್ ಇದೆ ಅಂದಿದ್ದರು, ಇತ್ತು, ಕೋಣೆ ಬಿಸಿಯಾಗಲಿಲ್ಲ. ಬಿಸಿನೀರು ಒಬ್ಬರ ಸ್ನಾನಕ್ಕೆ ಸರಿಹೋಗುತ್ತಿತ್ತು, ಎರಡನೆಯವರು ಕಾಯಬೇಕು. ಇದೆಲ್ಲಾ ಸೇರಿಸಿ ಐದಕ್ಕೆ ಮೂರೂವರೆ. ಗೈಡ್‌ಗೆ ಐದಕ್ಕೆ ಐದು, ಅನುಮಾನವೇ ಇಲ್ಲ.

ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಎರಡು ವಿಷಯ ಗಮನಿಸಿ. ರಿಯಾದ್‌ನ ಮೆಟ್ಟಿಲು ಕಡಿದಾಗಿವೆ, ಒಂದೊಂದು ಮೆಟ್ಟಿಲು ಒಂದೊಂದು ಎತ್ತರ, ಕೆಳಗಿನ ಕೋಣೆಯನ್ನೇ ಕೇಳಿ. ಬಾಬ್ ಬೂ ಜಲೂದ್‌ನಿಂದ ಇಳಿದರೆ ಮೊಣಕಾಲಿಗೆ ವಾಪಸ್ ಏರು ಕಾದಿರುತ್ತದೆ. ಅದರ ಬದಲು ಟ್ಯಾಕ್ಸಿಯವನಿಗೆ ರ್ಸೀಫ್ ಅಂತ ಹೇಳಿ. ಆ ಚೌಕ ತಗ್ಗಿನಲ್ಲೇ ಇದೆ, ಅಲ್ಲಿಂದ ಸೆಫ್ಫಾರೀನ್‌ಗೂ ಕರವಿಯ್ಯೀನ್‌ಗೂ ನಡಿಗೆ ಸ್ವಲ್ಪವೇ, ಸುತ್ತಾಡಿ ಅಲ್ಲಿಗೇ ವಾಪಸ್ ಬಂದು ಟ್ಯಾಕ್ಸಿ ಹತ್ತಬಹುದು.